ಸಪ್ಪಳದ ಸಾಹೇಬರು

ಗೋಡೆ ಕಂಡರೆ ತಟ್ಟದೆ ಮುಂದೆ ಹೋಗುವ ಮನುಷ್ಯ ಅವರಾಗಿರಲಿಲ್ಲ. ಗೋಡೆ, ಕಂಬ, ನೀರಿನ ಹರವಿ, ಕಲ್ಲಂಗಡಿ, ಏನೇ ಇರಲಿ, ತೋರುಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಯನ್ನು ಆ ಕಡೆ ವಾಲಿಸಿ, "ಹ್ಞಾಂ" ಎಂದು ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡು ನಡೆದುಬಿಡುತ್ತಿದ್ದರು. ತಿರ್ಲಾಪುರದ ಕುಂಬಾರ ಅವರನ್ನು ತನ್ನ ಅಂಗಳದ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ಕೊಳ್ಳೂದು ಒಂದ ಗಡಿಗಿ, ಬಡಿಯೂದು ಎಲ್ಲಾನೂ" ಎಂಬುದು ಅವನ ತಕರಾರು.

ನಾನು ಅವರನ್ನು ಮೊದಲು ನೋಡಿದ್ದೂ ಹೀಗೆಯೇ. ಎಂಬತ್ತರ ದಶಕದ ನಡುವಿನ ಒಂದು ಫೆಬ್ರವರಿ. ಹುಟ್ಟಿದ್ದು ಅಣ್ಣಿಗೇರಿಯಲ್ಲಾದರೂ ತಿರ್ಲಾಪುರದ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಸುತ್ತಿದ್ದೆ. ಹೊರಗಿನಿಂದ ಗೋಡೆಗೆ ಟಕ್ ಟಕ್. ಯಾವ ಪೋರನೋ ಇರಬೇಕೆಂದು ಛಡಿ ಹಿಡಿದೇ ಹೊರಗೆ ಬಂದೆ. ನೋಡಿದರೆ, ತಲೆಗೆ ಟವೆಲ್ ಸುತ್ತಿಕೊಂಡು, ಹುಬ್ಬಿನ ಮೇಲೆಲ್ಲ ಎರೆಮಣ್ಣಿನ ಧೂಳು ಹೊತ್ತ ಅಧಿಕಾರಿಯೊಬ್ಬರು ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ.

"ಅಕ್ಕೋರ, ಈ ಗ್ವಾಡಿ ಒಳಗ ಪೊಳ್ಳ ಐತ್ರಿ" ಎಂದರು.

ನಾನು ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. "ಬೀಳತೈತೇನ್ರಿ?"

"ಪೊಳ್ಳ ಇದ್ದದ್ದೆಲ್ಲಾ ಬೀಳಂಗಿದ್ರ ನಮ್ಮ ಇಲಾಖೆದಾಗ ಒಬ್ರೂ ನಿಂತಿರತಿರಲಿಲ್ಲ ಬಿಡ್ರಿ" ಎಂದು ನಕ್ಕರು. ನಕ್ಕರು ಎಂದರೆ ಸಾಲದು. ಆ ನಗೆಗೆ ಹಂಚಿನ ಸಂದಿಯ ಗುಬ್ಬಿಗಳು ಹಾರಿಹೋದವು, ಒಳಗಿನ ಮಕ್ಕಳು ಯಾಕೆಂದು ತಿಳಿಯದೆ ತಾವೂ ನಕ್ಕವು, ಮಗ್ಗಿ ಅಲ್ಲಿಗೇ ನಿಂತಿತು. ಗೋಡೆ ಮಾತ್ರ ಇವತ್ತಿಗೂ ನಿಂತಿದೆ.

ಅವರ ಕಸುಬು ಕೇಳುವುದು. ನೆಲದ ಒಳಗಿನಿಂದ ಬರುವ ಮಾರ್ದನಿಯನ್ನು ಕೇಳಿ, ಕಲ್ಲಿನ ಪದರಗಳು ಎಲ್ಲೆಲ್ಲಿ ಇವೆ, ಎಷ್ಟು ಆಳಕ್ಕಿವೆ ಎಂದು ಕಂಡುಹಿಡಿಯುವ ಸರ್ಕಾರಿ ತಂಡವೊಂದರ ಮುಖ್ಯಸ್ಥರು ಅವರು. ಅಂಥ ಕೆಲಸಕ್ಕೆ ನಿಶ್ಶಬ್ದ ಬೇಕು. ಆದರೆ ನಾನು ಕಂಡವರಲ್ಲೆಲ್ಲ ಅತಿ ಹೆಚ್ಚು ಸದ್ದು ಮಾಡುವ ಮನುಷ್ಯ ಅವರೇ. ಮಾತು ಜೋರು, ಸೀನು ಜೋರು, ಚಹಾ ಕುಡಿದರೆ ಎದುರು ಮನೆಗೆ ಕೇಳಬೇಕು. ಊರ ತುಂಬ ತಿರುಗಿ "ಸಪ್ಪಳಾ ಮಾಡಬ್ಯಾಡ್ರಿ" ಎಂದು ಸಪ್ಪಳ ಮಾಡುತ್ತಿದ್ದರಿಂದ ಸಪ್ಪಳದ ಸಾಹೇಬರು ಎಂಬ ಹೆಸರು ವಾರದೊಳಗೆ ಅಂಟಿತು. ಅವರ ನಿಜವಾದ ಹೆಸರು ನನಗೆ ಗೊತ್ತು. ಬರೆದರೆ ಬೇರೆ ಯಾರೋ ಎನ್ನಿಸುತ್ತದೆ, ಅದಕ್ಕೇ ಬರೆಯುವುದಿಲ್ಲ.

ಅವರು ಕುಂದಗೋಳದವರು. ಆ ಊರಿನಲ್ಲಿ ಹುಟ್ಟಿದ ಮೇಲೆ ಕಿವಿಗೆ ಹಾಡು ಬೀಳದೆ ಇರಲು ಸಾಧ್ಯವಿಲ್ಲ. ಸಣ್ಣವರಿದ್ದಾಗ ಬೈಠಕ್ಕಿನಲ್ಲಿ ಮುಂದೆ ಹೋಗಿ ಕೂಡುತ್ತಿದ್ದರಂತೆ. ಗವಾಯಿಗಳು ಕಣ್ಣು ಮುಚ್ಚಿ ಒಂದೊಂದೇ ಸ್ವರ ಹುಡುಕಿಕೊಂಡು ಮೆಲ್ಲಗೆ ಮೇಲಕ್ಕೆ ಹೋಗುತ್ತಿರುವಾಗ ಇವರು ತಡೆಯಲಾರದೆ "ವಾಹ್!" ಎಂದು ಕಿರುಚಿಬಿಡುತ್ತಿದ್ದರು. ಗವಾಯಿಗಳಿಗೆ ಸ್ವರ ಸಿಕ್ಕಿರುತ್ತಿರಲಿಲ್ಲ, ಇವರ ಮೆಚ್ಚುಗೆ ಮುಟ್ಟಿಬಿಟ್ಟಿರುತ್ತಿತ್ತು. ಕೊನೆಗೊಂದು ದಿನ ಹಿರಿಯರೊಬ್ಬರು ರಟ್ಟೆ ಹಿಡಿದು ಹೊರಗೆ ಬಿಟ್ಟು ಬಂದರು.

"ಅವತ್ತ ಕಟ್ಟೀ ಮ್ಯಾಲ ಕುಂತು ವಿಚಾರ ಮಾಡಿದ್ನಿರಿ" ಎಂದು ನನಗೆ ಹೇಳಿದ್ದರು. "ನಾ ವಾಹ್ ಅಂದ್ರ ಸಿಟ್ಟಿಗೇಳಲಾರದ್ದು ಈ ಜಗತ್ತಿನಾಗ ಏನೈತಿ? ಕಲ್ಲ ಒಂದ."

ಜೀಪು, ಯಂತ್ರದ ವ್ಯಾನು, ಬೋರು ಕೊರೆಯುವ ಲಾರಿ ಇವೆಲ್ಲ ಬಂದು ಊರ ಹೊರಗೆ ಡೇರೆ ಹಾಕಿದಾಗ ಸುದ್ದಿಗೇನು ಕೊರತೆ? ಬಂಗಾರ ಸಿಕ್ಕಿದೆ ಎಂದು ಕೆಲವರು, ಎಣ್ಣೆ ಎಂದು ಕೆಲವರು. ಸಾಹೇಬರು ಒಂದು ಸಂಜೆ ಎಲ್ಲರನ್ನೂ ಶಾಲೆಯ ಕಟ್ಟೆಗೆ ಕರೆದರು.

"ಭಾವ್ಯಾಗ ಬಗ್ಗಿ ಕೂಗಿದ್ರ ನಿಮ್ಮ ದನಿ ತಿರುಗಿ ಬರತೈತಿಲ್ರಿ? ಹಂಗ ನಾವು ನೆಲಕ್ಕ ಒಂದು ಕೂಗು ಹಾಕತೇವಿ. ಬೋರು ಹೊಡದು, ತಳದಾಗ ಮದ್ದಿಟ್ಟು ಹಾರಸತೇವಿ. ಒಳಗ ಕಲ್ಲು ಎಲ್ಲೆಲ್ಲಿ ಬದಲಾಗತೈತಿ, ಅಲ್ಲಲ್ಲಿಂದ ಒಂದಿಷ್ಟು ದನಿ ತಿರುಗಿ ಬರತೈತಿ. ಹತ್ತಿರಂದು ಲಗೂನ ಬರತೈತಿ, ದೂರಂದು ತಡಾ ಮಾಡಿ ಬರತೈತಿ. ಅದನ್ನ ಕೇಳಾಕ ಸಾಲಾಗಿ ಕಿವಿ ಊರಿರತೇವಿ." ಅವರು ಕಿವಿ ಎಂದದ್ದು ಒಂದು ಸಣ್ಣ ಡಬ್ಬಿ, ಅಡಿಯಲ್ಲಿ ಮೊಳೆ, ತಲೆಗೆ ತಂತಿ. ಮೈಲುಗಟ್ಟಲೆ ಹೊಲಗಳಲ್ಲಿ ಅಂಥವನ್ನು ಚುಚ್ಚುತ್ತಾ ಹೋಗುವುದೇ ಅವರ ಹುಡುಗರ ದಿನದ ಕೆಲಸ.

"ಎಷ್ಟು ಆಳದ್ದು ಕೇಳಬೇಕ್ರಿ ನಿಮಗ?" ಎಂದ ಒಬ್ಬ.

"ಇಲ್ಲಿಂದ ಧಾರವಾಡ ಎಷ್ಟು ದೂರ ಐತಿ, ಹೆಚ್ಚೂಕಡಿಮಿ ಅಷ್ಟು ಕೆಳಗ ಹೋದ್ರ ಈ ಕಲ್ಲಿನ ತೊಗಟಿ ಮುಗೀತೈತ್ರಿ. ಅದರ ಕೆಳಗಿಂದು ಬ್ಯಾರೆನ ಐತಿ. ಆ ಗಡಿ ಐತೆಲ್ಲಾ, ಅಲ್ಲಿಂದ ಬರೂ ದನಿ ಬೇಕು ನನಗ."

"ಅಲ್ಲಿ ಏನ್ ಸಿಗತೈತ್ರಿ?"

"ಏನೂ ಸಿಗೂದಿಲ್ಲ."

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು. "ಅಲ್ರಿ, ನಾವು ಯಾದರ ಮ್ಯಾಲ ಕುಂತೇವಿ ಅನ್ನೂದರ ಗೊತ್ತಾಗಬಾರದೇನ್ರಿ?" ಎಂದು ಸಾಹೇಬರು ಎಷ್ಟು ಆಸೆಯಿಂದ ಕೇಳಿದರೆಂದರೆ, ಗೊತ್ತಾಗಬಾರದು ಎನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಆ ಗಡಿಯ ದನಿ ಅವರಿಗೆ ಅದುವರೆಗೆ ಸರಿಯಾಗಿ ಸಿಕ್ಕಿರಲಿಲ್ಲ. ನೌಕರಿಯ ಉದ್ದಕ್ಕೂ ಎಲ್ಲೆಲ್ಲೋ ತುಣುಕು ತುಣುಕಾಗಿ ಸಿಕ್ಕಿತ್ತೇ ಹೊರತು, ಇದು ಅದೇ ಎಂದು ಎದೆ ತಟ್ಟಿ ಹೇಳುವಂಥದ್ದು ಒಮ್ಮೆಯೂ ಬಂದಿರಲಿಲ್ಲ. ಏಪ್ರಿಲ್ ಕೊನೆಗೆ ಅವರು ನಿವೃತ್ತರಾಗಬೇಕು. ಅಷ್ಟರಲ್ಲಿ ಅಡ್ಡಮಳೆ ಬಿದ್ದರೆ ನಮ್ಮ ಎರೆನೆಲ ಲಾರಿಯ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಮೇಲಾಗಿ ಆ ದನಿ ಬಲು ಸಣ್ಣದು. ಮದ್ದು ಹಾರಿದ ಮೇಲೆ ಹತ್ತು ಹನ್ನೆರಡು ಸೆಕೆಂಡಿಗೆ ಬರುತ್ತದೆ. ಆ ಹೊತ್ತಿನಲ್ಲಿ ಒಂದು ಎತ್ತು ಕಾಲು ಬಡಿದರೂ ಮುಚ್ಚಿಹೋಗುತ್ತದೆ. ಅದಕ್ಕೇ ಗಾಳಿ ಏಳುವ ಮೊದಲು, ಬೆಳಗ್ಗೆ, ಊರಿಗೆ ಊರೇ ಸುಮ್ಮನಿರಬೇಕು.

ಮದ್ದು ಹಾರಿಸುವ ಮೊದಲು ಶಾಲೆಯ ಗಂಟೆ ಬಾರಿಸೋಣ, ಗಂಟೆ ಕೇಳಿದವರು ಇದ್ದಲ್ಲೇ ನಿಲ್ಲಲಿ ಎಂಬ ಉಪಾಯ ಹೇಳಿದವಳು ನಾನೇ. ಊರಲ್ಲಿ ಡಂಗುರ ಹೊಡೆಸಿದರು. ಮರುದಿನ ನಾನು ಗಂಟೆಯನ್ನು ಉದ್ದಕ್ಕೆ ಬಾರಿಸಿದೆ. ಗಿರಣಿ ನಿಂತಿತು, ಬಂಡಿಗಳು ನಿಂತವು, ಬಾವಿಯ ಗಾಲಿ ನಿಂತಿತು. ಆದರೆ ಉದ್ದ ಗಂಟೆ ಎಂದರೆ ಶಾಲೆ ಬಿಟ್ಟಿತು ಎಂಬುದು ನಮ್ಮ ಮಕ್ಕಳಿಗೆ ರಕ್ತದಲ್ಲೇ ಇತ್ತು. "ಹೋ" ಎಂದು ಬಾಗಿಲು ಮುರಿಯುವಂತೆ ನುಗ್ಗಿ, ಊರಿನ ಸದ್ದಡಗಿದ ಸಂತೋಷಕ್ಕೆ ಇನ್ನಷ್ಟು ಕೂಗುತ್ತ, ನೇರವಾಗಿ ತಂತಿ ಹಾಸಿದ ಹೊಲಗಳ ಮೇಲೆ ಓಡಿದರು. ಅದೇ ಹೊತ್ತಿಗೆ ಮದ್ದು ಹಾರಿತು.

ನಾನು ನಾಚಿಕೆಯಿಂದ ಕುಗ್ಗಿ ಕುಳಿತಿದ್ದೆ. ಸಾಹೇಬರು ಉದ್ದದ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಅದರ ತುಂಬ ನೂರಾರು ಸೊಟ್ಟ ಗೆರೆಗಳು.

"ಅಕ್ಕೋರ, ಭೂಮಿ ತಳಾ ಕೇಳಾಕ ಹ್ವಾದ್ರ ನಿಮ್ಮ ಮೂರನೇ ಇಯತ್ತಾ ಕೇಳಸೇತಿ ನೋಡ್ರಿ!" ಎಂದು ಆ ಕಾಗದವನ್ನು ತರಗತಿಯ ಗೋಡೆಗೆ ಅಂಟಿಸಿದರು. ಮಕ್ಕಳು ಮುತ್ತಿಕೊಂಡು "ಇದು ನಂದರೀ", "ಅಲ್ಲ, ಇದು ನನ್ನ ಕಾಲರೀ" ಎಂದು ಗೆರೆಗಳಿಗೆ ಜಗಳಾಡಿದರು. ಸಾಹೇಬರು ನ್ಯಾಯಾಧೀಶರಂತೆ ಪ್ರತಿಯೊಬ್ಬರಿಗೂ ಒಂದೊಂದು ಗೆರೆ ಹಂಚಿದರು. ಹಾಳಾದ ಮದ್ದಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಗಂಟೆ ಬಿಟ್ಟು, ಶಾಲೆಯ ಮಾಳಿಗೆಯ ಮೇಲೆ ಬಿದಿರಿಗೆ ಬಿಳಿ ಧೋತರ ಕಟ್ಟಿ ಎತ್ತುವುದೆಂದಾಯಿತು. ಅದು ನನ್ನ ಪಾಲಿನ ಕೆಲಸ. ಧೋತರ ಮೇಲೇರಿದರೆ ಸುಮ್ಮನಿರಬೇಕು. ಮುಗಿದ ಮೇಲೆ ಸಾಹೇಬರೇ ಹೊಲದಿಂದ ಕೂಗು ಹಾಕುತ್ತಿದ್ದರು: "ಆತು! ಉಸುರು ಬಿಡ್ರಿ!" ಉಸಿರು ಹಿಡಿಯಿರಿ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಸುಮ್ಮನಿರಿ ಎಂದದ್ದಕ್ಕೆ ಉಸಿರನ್ನೂ ಹಿಡಿದದ್ದು ನಮ್ಮ ಊರಿನವರ ಸ್ವಂತ ಉಮೇದು. ಆ ಕೂಗಿಗೆ ಮಾತ್ರ ಅವರಿಗೆ ಮೈಕು ಬೇಕಾಗಲಿಲ್ಲ, ಹಳ್ಳದ ಆಚೆಗೂ ಕೇಳುತ್ತಿತ್ತು.

ಆದರೂ ತಳದ ದನಿ ಸಿಗಲಿಲ್ಲ. ಎರೆಮಣ್ಣು ಹತ್ತಿಯ ಗಾದಿಯ ಹಾಗೆ ಸದ್ದನ್ನು ನುಂಗುತ್ತದೆ ಎಂದು ಸಾಹೇಬರು ಬೈಯುತ್ತಿದ್ದರು. ಎರೆಯ ಪದರ ತೆಳುವಾಗಿ, ಗಟ್ಟಿಬಂಡೆ ಬೇಗ ಸಿಗುವ ಹೊಲ ಆ ಸಾಲಿನಲ್ಲಿ ಒಂದೇ ಇತ್ತು. ಅದು ಪಾರ್ವತೆವ್ವನದು.

ಪಾರ್ವತೆವ್ವ ತನ್ನ ಎಮ್ಮೆಯನ್ನು ಕರೆದರೆ ನವಲಗುಂದದ ಬಸ್ಸು ನಿಲ್ಲುತ್ತದೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಹೊಲವನ್ನು ಒಬ್ಬಳೇ ಮಾಡಿ ಗಟ್ಟಿಯಾದ ಹೆಂಗಸು. ಕಲೆಕ್ಟರ್ ಬಂದರೂ ಏಕವಚನವೇ. ಮೊದಲ ಮದ್ದು ಹಾರಿದ ಸಂಜೆ ಅವಳ ಎಮ್ಮೆ ಸೊರೆ ಬಿಡಲಿಲ್ಲ, ಹಾಲು ಕೊಡಲಿಲ್ಲ. ಅಂದಿನಿಂದ ಅವಳ ಹೊಲದ ಬದುವಿನ ಮೇಲೆ ಒಂದು ಕಿವಿಯನ್ನೂ ಊರಗೊಟ್ಟಿರಲಿಲ್ಲ. ಸಾಹೇಬರು ನನ್ನನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೋದರು.

ಎಲ್ಲ ಕೇಳಿಸಿಕೊಂಡು ಅವಳು ಸೊಂಟಕ್ಕೆ ಕೈ ಇಟ್ಟಳು. "ಊರಿಗೆಲ್ಲಾ ಸುಮ್ಮನಿರ್ರಿ, ಸುಮ್ಮನಿರ್ರಿ ಅಂತ ಬಡಕೋತೀ. ನಿನಗ ಬರತೈತೇನು ಸುಮ್ಮನಿರಾಕ? ನಮ್ಮ ಮನ್ಯಾಗ ಒಂದ ಊಟಾ ಮಾಡು. ಊಟಾ ಮುಗಿಯೂತನಾ ಬಾಯಿಂದ ಒಂದ ಸಪ್ಪಳಾ ಬರಬಾರದು. ಗೆದ್ದಿ ಅಂದ್ರ ಹೊಲದಾಗ ಎಲ್ಲಿ ಬೇಕಾದಲ್ಲಿ ಬೋರ್ ಹೊಡಿ. ಪಂಥಾ?"

"ಪಂಥಾ!" ಎಂದರು ಸಾಹೇಬರು, ಬೀದಿಗೆಲ್ಲ ಕೇಳುವ ಹಾಗೆ.

ಮರುದಿನ ಮಧ್ಯಾಹ್ನ ಸಾಕ್ಷಿಗೆ ನಾನು. ಸಾಹೇಬರು ತುಟಿ ಬಿಗಿಹಿಡಿದು ಮಣೆಯ ಮೇಲೆ ಕುಳಿತರು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ಪಾರ್ವತೆವ್ವ ಬಡಿಸುತ್ತ ಕೆಣಕಿದಳು. "ಭೂಮಿ ಅಗದಿ ತಾಟಿನಂಗ ಚಪ್ಪಟಿ ಐತಂತ ನಮ್ಮವ್ವ ಹೇಳತಿದ್ಲು. ಖರೇನ ಐತಿ ಬಿಡು, ಅಲ್ಲೇನು?" ಸಾಹೇಬರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಆದರೆ ತುಟಿ ತೆರೆಯಲಿಲ್ಲ. ಗೆದ್ದರು ಎಂದೇ ನಾನು ಅಂದುಕೊಂಡೆ. ಆಗ ಅವಳು ಎಣ್ಣೆಗಾಯಿ ಬಡಿಸಿದಳು. ಒಂದು ಬದನೆಕಾಯಿ ಬಾಯಿಗೆ ಹೋಗಿದ್ದಷ್ಟೇ.

"ಆಹಾ!"

ಭೂಮಿಯ ಮೇಲಿನ ಅವಮಾನವನ್ನೆಲ್ಲ ನುಂಗಿದ ಮನುಷ್ಯ ಬದನೆಕಾಯಿಗೆ ಸೋತರು. ಪಾರ್ವತೆವ್ವ ಚಪ್ಪಾಳೆ ತಟ್ಟಿ ನಕ್ಕಳು. ಮತ್ತೊಂದು ಅವಕಾಶ ಬೇಡಿ ಮರುವಾರ ಹೋದಾಗ ಕಡಬಿಗೆ ಸೋತರು. ಮೂರನೆಯ ಸಲ ಮಾತೇನೋ ಬರಲಿಲ್ಲ, ಒಗ್ಗರಣೆಯ ಘಾಟಿಗೆ ಸೀನು ಬಂತು. ಸೀನು ಲೆಕ್ಕಕ್ಕಿಲ್ಲ ಎಂದು ನಾನು ವಾದಿಸಿದೆ. "ಆ ಸೀನಿಗೆ ನನ್ನ ಎಮ್ಮಿ ಹಗ್ಗಾ ಹರಕೊಂಡೇತಿ, ಅದ್ಹೆಂಗ ಲೆಕ್ಕಕ್ಕಿಲ್ಲ?" ಎಂದಳು ಪಾರ್ವತೆವ್ವ. ಸಾಹೇಬರೇ ಕೈಯೆತ್ತಿ, "ಆಕೀ ಅನ್ನೂದು ಬರೋಬ್ಬರಿ ಐತ್ರಿ ಅಕ್ಕೋರ. ಸೋತೆ" ಎಂದುಬಿಟ್ಟರು.

ಅವರು ಮತ್ತೆ ಬೇಡಲಿಲ್ಲ, ಮೇಲಿನವರಿಂದ ಹೇಳಿಸಲೂ ಇಲ್ಲ. ಅವಳ ಹೊಲ ಬಿಟ್ಟು ಸುತ್ತು ಹಾಕಿ ತಂತಿ ಎಳೆಯಲು ಹುಡುಗರಿಗೆ ಹೇಳಿದರು. ಉಳಿದದ್ದು ಒಂದೇ ಬೋರಿಗೆ ಸಾಲುವಷ್ಟು ಮದ್ದು. ಪಡುವಣದಲ್ಲಿ ಆಗಲೇ ಮೋಡ ಕಟ್ಟತೊಡಗಿತ್ತು. ಆ ಸಂಜೆ ನಾನೂ ಪಾರ್ವತೆವ್ವನೂ ಹೊಲದ ದಾರಿಯಲ್ಲಿ ಬರುತ್ತಿರುವಾಗ, ಅವಳ ಬದುವಿನ ಆಚೆ ಸಾಹೇಬರು ಒಬ್ಬರೇ ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲೊಂದನ್ನು ತಟ್ಟುತ್ತಿದ್ದರು. "ಹ್ಞಾಂ" ಎನ್ನುತ್ತಿರಲಿಲ್ಲ.

"ಅಕ್ಕೋರ, ಆ ದನಿ ಸಿಗಲಿಲ್ಲಂದ್ರ ಆತಗ ಏನಾಕ್ಕೈತಿ?" ಎಂದು ಪಾರ್ವತೆವ್ವ ಕೇಳಿದಳು.

"ಏನೂ ಆಗೂದಿಲ್ಲ. ರಿಟೈರ್ ಆಗತಾರ, ಮನಿಗೆ ಹೋಗತಾರ."

"ಆ ದನಿ ಕೇಳದನ?"

"ಕೇಳದನ."

ಅವಳು ನಾಲ್ಕು ಹೆಜ್ಜೆ ನಡೆದಳು, ನಿಂತಳು. ಆಮೇಲೆ ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದಳು: "ಏ ಸಾಹೇಬಾ! ತಂತಿ ಎಳಿ! ಪಂಥಾ ಬಾಕಿ ಐತಿ ಮತ್ತ, ಬಿಟ್ಟೇನಿ ಅಂತ ತಿಳೀಬ್ಯಾಡ!"

ಬೋರು ಕೊರೆದು ಮುಗಿದ ಮರುದಿನ ಬೆಳಗ್ಗೆ ಎಲೆ ಅಲುಗುತ್ತಿರಲಿಲ್ಲ. ಎಮ್ಮೆಯನ್ನು ಪಾರ್ವತೆವ್ವ ತಾನೇ ಹಳ್ಳದ ಆಚೆ ಕಟ್ಟಿ ಬಂದಿದ್ದಳು. ಗಿರಣಿಯವನು ಬೆಲ್ಟನ್ನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದು ನಿಂತಿದ್ದ, ತನ್ನ ಮೇಲೆ ಸಂಶಯ ಬರದಿರಲಿ ಎಂದು. ನವಲಗುಂದದ ಬಸ್ಸು ಊರ ಹೊರಗೆ ಎಂಜಿನ್ ಆರಿಸಿತ್ತು. ಕಂಡಕ್ಟರ್ ಬಾಯಿಗೆ ಬೆರಳಿಟ್ಟು ಸೀಟು ಸೀಟಿಗೂ ಹೋಗುತ್ತಿದ್ದ. ನಾನು ಮಾಳಿಗೆಯ ಮೇಲಿನಿಂದ ಇದನ್ನೆಲ್ಲ ನೋಡಿ ಧೋತರ ಎತ್ತಿದೆ. ಹೊಲದ ನಡುವೆ ಸಾಹೇಬರು ತಲೆಯ ಟವೆಲ್ ಬಿಚ್ಚಿ, ಅದರ ತುದಿಯನ್ನು ಉಂಡೆ ಮಾಡಿ ತಮ್ಮ ಬಾಯಿಗೆ ತುರುಕಿಕೊಂಡರು.

ಧಪ್ ಎಂದಿತು. ಕೆಳಗಿನಿಂದ ಯಾರೋ ಅಂಗಾಲಿಗೆ ಗುದ್ದಿದ ಹಾಗೆ. ಆಮೇಲೆ ಏನೂ ಇಲ್ಲ. ಇಡೀ ಊರು ಇದ್ದಲ್ಲೇ ನಿಂತಿತ್ತು. ಕೊಡ ಹೊತ್ತವರು ಕೊಡ ಹೊತ್ತು, ಕಾಲೆತ್ತಿದವರು ಕಾಲೆತ್ತಿಯೇ. ನನ್ನ ಕಿವಿಯಲ್ಲಿ ನನ್ನ ಎದೆಯ ಬಡಿತವೇ ಕೇಳಿ, ಅದೂ ಯಂತ್ರದಲ್ಲಿ ಬಂದುಬಿಟ್ಟೀತೆಂದು ಹೆದರಿದೆ.

"ಆತು! ಉಸುರು ಬಿಡ್ರಿ!"

ಸಾಹೇಬರು ಟವೆಲ್ ಕಿತ್ತು ಕೂಗಿದೊಡನೆ ಎಲ್ಲರೂ ವ್ಯಾನಿನ ಕಡೆ ಓಡಿದೆವು. ಯಂತ್ರದ ಆಪರೇಟರ್ ಕಾಗದವನ್ನು ಬಾನೆಟ್ಟಿನ ಮೇಲೆ ಹಾಸಿ, ಬೆರಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಇಳಿಸುತ್ತ ಹೋದ. ಬಹಳ ಹೊತ್ತು ಬರೀ ನಯವಾದ ಗೆರೆಗಳು. ಕೊನೆಯ ಕಡೆಗೆ ಅವನ ಬೆರಳು ನಿಂತಿತು. ಅಲ್ಲಿ ಎಲ್ಲ ಗೆರೆಗಳೂ ಒಟ್ಟಾಗಿ ಒಂದು ಸಲ ಸಣ್ಣಗೆ ನಡುಗಿದ್ದವು, ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ. ಅದೇ ನಮ್ಮೆಲ್ಲರ ಅಡಿಯ ಕಲ್ಲು ಮುಗಿಯುವ ಜಾಗ.

ಸಾಹೇಬರು ನೋಡಿದರು. ಹೋಗಿ ಬದುವಿನ ಮೇಲೆ ಕುಳಿತರು. ಟವೆಲ್ ಕೈಯಲ್ಲೇ ಇತ್ತು.

"ಏನಾತೋ ಸಾಹೇಬಾ, ಬಂತಿಲ್ಲೋ?" ಎಂದಳು ಪಾರ್ವತೆವ್ವ. ಅವರು ಬಂತೆಂದು ತಲೆಯಾಡಿಸಿದರು. "ಬಂದ್ರ ಬಾಯಿ ಬಿಟ್ಟು ಹೇಳಲ್ಲಾ, ಈಗೇನು ಯಾರೂ ಬ್ಯಾಡ ಅನ್ನೂದಿಲ್ಲ." ಅವರು ಅದೇ ಟವೆಲಿನಿಂದ ಕಣ್ಣೊರೆಸಿಕೊಂಡು, ಬಗ್ಗಿ, ಗೆಣ್ಣಿನಿಂದ ನೆಲವನ್ನು ಟಕ್ ಟಕ್ ಎಂದು ತಟ್ಟಿ, "ಹ್ಞಾಂ" ಎಂದರು. ಒಂದು ಕಲ್ಲಿನ ಮಾರ್ದನಿಗೆ ನಾನೂ ಅತ್ತೆ. ಅವರ ಸಂತೋಷ ನನ್ನದೇ ಎನ್ನಿಸಿತ್ತು.

ಡೇರೆ ಕಿತ್ತು ಹೊರಡುವ ದಿನ ಮಾತ್ರ ಸಾಹೇಬರ ನಾಲಿಗೆ ವಾಪಸ್ ಬಂದಿತ್ತು. "ಅವತ್ತ ಬದುವಿನ ಮ್ಯಾಲ ಅಷ್ಟೊತ್ತು ಸುಮ್ಮನ ಕುಂತಿದ್ದೆ. ಪಂಥಾ ಗೆದ್ದಂಗ ಅಲ್ಲೇನು ಪಾರ್ವತೆವ್ವಾ?"

"ಊಟದಾಗಂತ ಮಾತಾಗೇತಿ. ಮುಂದಿನ ವರ್ಷ ಬಾ" ಎಂದಳು.

ಬಂದರು. ನಿವೃತ್ತಿಯಾಗಿ, ಜೀಪಿಲ್ಲದೆ, ಬಸ್ಸಿನಲ್ಲಿ ಬಂದರು. ಶಾಲೆಯ ಗೋಡೆ ತಟ್ಟಿ, "ಇನ್ನೂ ಪೊಳ್ಳ ಐತ್ರಿ, ಚಲೋ ಐತಿ" ಎಂದರು. ಮಕ್ಕಳ ಕಾಲಿನ ಗೆರೆಗಳ ಕಾಗದ ಗೋಡೆಯ ಮೇಲೆ ಇರುವುದನ್ನು ಕಂಡು ಕುಣಿದಾಡಿದರು. ಪಾರ್ವತೆವ್ವನ ಮನೆಯಲ್ಲಿ ಈ ಸಲ ಮೊದಲ ತುತ್ತಿಗೇ "ಆಹಾ" ಎಂದರು. ಬೇಕೆಂದೇ ಸೋಲುತ್ತಾರೆ, ಮತ್ತೆ ಊಟಕ್ಕೆ ಬರುವ ಹಂಚಿಕೆ ಇದು ಎಂದು ಪಾರ್ವತೆವ್ವ ನನ್ನ ಕಿವಿಯಲ್ಲಿ ದೂರಿದಳು. ದೂರುತ್ತಲೇ ಇನ್ನೊಂದು ಬದನೆಕಾಯಿ ಬಡಿಸಿದಳು.

ಅದರ ಮುಂದಿನ ವರ್ಷ ಅವರು ಬರಲಿಲ್ಲ. ಬೇರೆ ಕೆಲಸದ ಮೇಲೆ ನವಲಗುಂದಕ್ಕೆ ಹೊರಟಿದ್ದ ಆ ಆಪರೇಟರ್ ಶಾಲೆಯ ಮುಂದೆ ವ್ಯಾನು ನಿಲ್ಲಿಸಿ ಸುದ್ದಿ ಹೇಳಿಹೋದ. ಕುಂದಗೋಳದ ಮನೆಯಲ್ಲಿ, ರೇಡಿಯೋದಲ್ಲಿ ಹಾಡು ಕೇಳುತ್ತ ಕುಳಿತಲ್ಲೇ ಹೋದರಂತೆ.

ಮರುದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಒಂದು ನಿಮಿಷ ಮೌನವಿರೋಣ ಎಂದು ಹೇಳಿಕಳಿಸಿದೆ. ನಾನು ಕರೆದದ್ದು ಮಕ್ಕಳನ್ನು ಮತ್ತು ಕೆಲವು ಹಿರಿಯರನ್ನು. ಆದರೆ ಮಾಳಿಗೆಯ ಮೇಲೆ ಬಿಳಿ ಧೋತರ ಏರಿದ್ದೇ ತಡ, ಗಿರಣಿ ನಿಂತಿತು. ಬಂಡಿಗಳು ನಿಂತವು. ಬಾವಿಯ ಗಾಲಿ ನಿಂತಿತು. ಅಂದಿನ ಮೂರನೆಯ ಇಯತ್ತೆಯ ಮಕ್ಕಳೂ ಒಂದಿಷ್ಟೂ ಮಿಸುಕಲಿಲ್ಲ.

ನಿಮಿಷ ಆಗಿಹೋಯಿತು. ಯಾರೂ ಅಲುಗಲಿಲ್ಲ. ಮುಗಿಯಿತು ಎಂದು ಕೂಗುವುದು ಸಾಹೇಬರ ಕೆಲಸವಾಗಿತ್ತು. ಅದನ್ನು ಇನ್ನೊಬ್ಬರು ಮಾಡಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೊಲದ ಕಡೆ ನೋಡಿದೆ. ಮಕ್ಕಳ ಮುಖಗಳು ಉಸಿರು ಹಿಡಿದು ಕೆಂಪೇರುತ್ತಿದ್ದವು.

"ಆತು! ಉಸುರು ಬಿಡ್ರಿ!"

ಪಾರ್ವತೆವ್ವ ಕೂಗಿದ್ದಳು, ಹಳ್ಳದ ಆಚೆಗೂ ಕೇಳುವ ಹಾಗೆ. ಊರೆಲ್ಲ ಒಮ್ಮೆಲೇ ಉಸಿರು ಬಿಟ್ಟಿತು. ಮಕ್ಕಳು ಚದುರಿದರು, ಗಿರಣಿ ಮತ್ತೆ ಶುರುವಾಯಿತು. ಅವಳು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಅಷ್ಟು ಸಣ್ಣ ದನಿ ಅವಳಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಅಕ್ಕೋರ," ಎಂದಳು, "ಪಂಥಾ ಗೆದ್ದ ನೋಡ್ರಿ, ಸಾಹೇಬ."